ಬೀಜಗಣಿತದ ಯಂತ್ರವೂ ನನ್ನ ಕೆಂಪು ಪೆನ್ನೂ

ಮೇಷ್ಟರಿಗೆ ನಿವೃತ್ತಿ ಎನ್ನುವುದು ಕೈಗೆ ಮಾತ್ರ. ತಪ್ಪು ಹುಡುಕುವ ಕಣ್ಣಿಗೆ ಇಲ್ಲ. ಹುಣಸೂರಿನ ಕಾಲೇಜೊಂದರಲ್ಲಿ ಮೂವತ್ತು ವರ್ಷ ಗಣಿತ ಹೇಳಿದ ನಾನು ಈಗಲೂ ಮದುವೆ ಪತ್ರಿಕೆಯನ್ನು ಪೆನ್ನು ಹಿಡಿದೇ ಓದುತ್ತೇನೆ. ಹೀಗಿರುವಾಗ ಅದೇ ಕಾಲೇಜಿನವರು, ಬೀಜಗಣಿತ ಮಾಡುವ ಮೊದಮೊದಲ ಕಂಪ್ಯೂಟರ್ ಪ್ರೋಗ್ರಾಂಗಳ ಚರಿತ್ರೆಯ ಬಗ್ಗೆ ಮಾತಾಡಲು ಕರೆದರು. ಮೊದಲು ಒಪ್ಪಿಕೊಂಡೆ, ಆಮೇಲೆ ಓದತೊಡಗಿದೆ.

ಕಳೆದ ಶತಮಾನದ ಅರವತ್ತರ ದಶಕದ ಮಾತು. ಕೋಣೆ ತುಂಬುವ ಯಂತ್ರಗಳು ಹೆಚ್ಚಾಗಿ ಅಂಕಿಗಳನ್ನೇ ಅರೆಯುತ್ತಿದ್ದ ಕಾಲ. ಅಮೆರಿಕದ ಕೆಲವರು ಅವಕ್ಕೆ ಎಕ್ಸ್ ಅನ್ನು ಎಕ್ಸ್ ಆಗಿಯೇ ಇಟ್ಟುಕೊಂಡು ಲೆಕ್ಕ ಮಾಡಲು ಕಲಿಸಿದರು. ಅವರನ್ನು ಬಹಳ ಕಾಡಿದ್ದು, ಬೇರೆ ಬೇರೆಯಾಗಿ ಕಾಣುವ ಎರಡು ಉತ್ತರಗಳು ನಿಜಕ್ಕೂ ಒಂದೇ ಹೌದೋ ಅಲ್ಲವೋ ಎಂದು ಹೇಳುವುದಂತೆ. ಅಯ್ಯೋ, ಇದಕ್ಕೆ ಇಷ್ಟು ಒದ್ದಾಟವೇ! ನಾನು ಕೆಂಪು ಪೆನ್ನಿನಲ್ಲಿ ಒಂದೇ ಗಳಿಗೆಗೆ ಹೇಳಿಬಿಡುತ್ತಿದ್ದೆ.

ಅಂಥ ಪ್ರೋಗ್ರಾಂ ಒಂದರ ಸಂತತಿ ಈಗ ಲ್ಯಾಪ್‌ಟಾಪಿನಲ್ಲೇ ಸಿಗುತ್ತದೆ. ಸೈನ್ ಇಂಟು ಕಾಸ್ ಕೊಟ್ಟು ಇಂಟಿಗ್ರೇಶನ್ ಮಾಡಿಸಿದೆ. ನನ್ನ ನೋಟ್ಸಿನ ಉತ್ತರ ಸೈನ್ ವರ್ಗದ ಅರ್ಧ. ಅದು ಮೈನಸ್ ಹಾಕಿ ಕಾಸ್ ವರ್ಗದ ಅರ್ಧ ಎಂದಿತು.

"ನೋಡಿದೆಯೇನೇ, ಯಂತ್ರವೂ ತಪ್ಪುತ್ತೆ!" ಎಂದು ಹೆಂಡತಿಗೆ ಕೂಗಿ ಹೇಳಿದೆ.

"ನೀವೇ ಇನ್ನೊಂದ್ಸಲ ನೋಡ್ರೀ," ಎಂದಳು ಅಡುಗೆಮನೆಯಿಂದ.

ನೋಡಿದೆ. ಎರಡೂ ಸರಿ. ನಡುವಿನ ವ್ಯತ್ಯಾಸ ಬರೀ ಅರ್ಧ. ಕೊನೆಗೆ ಕೂಡಿಸುವ ಸ್ಥಿರಾಂಕ ಅದನ್ನು ನುಂಗಿಕೊಳ್ಳುತ್ತದೆ.

ಆಗ ನೆನಪಾಯಿತು. ಗುರುಪುರದ ಮಂಗಳ ಎಂಬ ವಿದ್ಯಾರ್ಥಿನಿ ವರ್ಷಗಳ ಹಿಂದೆ ನನ್ನ ಟೆಸ್ಟಿನಲ್ಲಿ ಈ ಕಾಸ್ ಉತ್ತರವನ್ನೇ ಬರೆದು ಸೊನ್ನೆ ತೆಗೆದುಕೊಂಡಿದ್ದಳು. ವಾದಿಸಿದವಳ ಬಾಯಿ ಮುಚ್ಚಿಸಿದ್ದೆ. ಮರುವಾರವೇ ಗಣಿತ ಬಿಟ್ಟು ಆರ್ಟ್ಸ್‌ಗೆ ಹೋದಳು. ಈಗ ಬೀಚನಹಳ್ಳಿಯಲ್ಲಿ ನೀರಾವರಿ ಕಚೇರಿಯ ಕೆಲಸ. ನಂಬರ್ ಹುಡುಕಿ ಫೋನ್ ಮಾಡಿದೆ.

"ಅವತ್ತು ನೀನು ಬರೆದಿದ್ದು ಸರಿ ಇತ್ತು ಕಣಮ್ಮ."

"ನಂಗೆ ಅವತ್ತೇ ಗೊತ್ತಿತ್ತು ಬುಡಿ ಸಾ. ನಿಮ್ಗೆ ಯಾರು ಯೋಳಿದ್ರು?"

"ಕಂಪ್ಯೂಟರು."

"ಓಹೋ! ನಾನು ಯೋಳುದ್ರೆ ಆಗಾಕಿಲ್ಲ, ಅದು ಯೋಳುದ್ರೆ ಆಯ್ತದೆ. ಇದ್ನ ಎಲ್ರ ಮುಂದೂ ಯೋಳ್ತೀರಾ?"

"ಹೇಳ್ತೀನಮ್ಮ. ಕಾಲೇಜಲ್ಲಿ ನನ್ನ ಭಾಷಣ ಇದೆ, ಅಲ್ಲೇ ಹೇಳ್ತೀನಿ."

"ಅಂಗಾರೆ ನಾನೂ ಬತ್ತೀನಿ."

ಬಂದೇ ಬಂದಳು; ಮುಂದಿನ ಸಾಲಿನಲ್ಲೇ ಕೂತಳು. ಮೈಕಿನ ಮುಂದೆ ನಿಂತಾಗ ನನ್ನ ಧೈರ್ಯ ಜಾರಿತು. "ಒಬ್ಬ ಮೇಷ್ಟರಿದ್ದರು..." ಎಂದು ಕಥೆಯ ಹಾಗೆ ಶುರುಮಾಡಿ, ಯಾರದೋ ತಪ್ಪೆಂಬಂತೆ ಪೂರ್ತಿ ಹೇಳಿ ಮುಗಿಸಿದೆ.

ಮಂಗಳ ಎದ್ದು ನಿಂತಳು. "ಆ ಮೇಷ್ಟ್ರು ಯಾರು ಅಂತಾನೂ ಯೋಳಿ ಸಾ."

"ನಾನೇ," ಎಂದೆ.

ಅಷ್ಟೇ, ಚಪ್ಪಾಳೆಯೋ ಚಪ್ಪಾಳೆ. ಪ್ರಾಮಾಣಿಕತೆಗೆ ಇನ್ನೂ ಬೆಲೆಯಿದೆ ಎಂದುಕೊಂಡು ತಲೆಬಾಗಿ ಕೈಮುಗಿದೆ. ತಲೆ ಎತ್ತಿ ನೋಡಿದರೆ, ಎಲ್ಲರೂ ನನಗೆ ಬೆನ್ನು ಹಾಕಿ ಅವಳ ಕಡೆ ತಿರುಗಿ ತಟ್ಟುತ್ತಿದ್ದರು.