ಬೆಪ್ಪೆ ಸಾಹೇಬರ ತರ್ಜುಮೆ

ಅರಳಗುಪ್ಪೆಯ ಹಳೇ ದೇವಸ್ಥಾನದ ಮುಂದೆ ಬಿದ್ದಿದ್ದ ಜಾಲಿಮುಳ್ಳೊಂದು ಇಟಲಿಯವನ ಸೈಕಲ್ಲಿಗೆ ಚುಚ್ಚದೆ ಹೋಗಿದ್ದರೆ, ಸದಾಶಿವಯ್ಯ ಮೇಷ್ಟ್ರು ಆ ಭಾನುವಾರ ಎಣ್ಣೆಸ್ನಾನ ಮುಗಿಸಿ, ಉಂಡು, ಹಾಯಾಗಿ ಮಲಗಿರುತ್ತಿದ್ದರು.

ಎಪ್ಪತ್ತೊಂಬತ್ತನೇ ಇಸವಿ. ಗುಡಿಯ ಶಿಲ್ಪ ನೋಡಲು ಬೆಂಗಳೂರಿನಿಂದ ಸೈಕಲ್ ತುಳಿದುಕೊಂಡೇ ಬಂದಿದ್ದ ಆ ಬಿಳಿಯ, ತೊಡೆಗಂಟಿದ ಕರೀ ಚಡ್ಡಿ ಹಾಕಿಕೊಂಡು, ಬಿಸಿಲಿಗೆ ಟೊಮೇಟೊ ಹಣ್ಣಿನಂತಾಗಿ, ಸಣ್ಣತಿಮ್ಮಯ್ಯನ ಸೈಕಲ್ ಶಾಪಿನ ಮುಂದೆ ನಿಂತ. ಸಣ್ಣತಿಮ್ಮಯ್ಯ ಟೈರು ಬಿಚ್ಚಿ ಒಳಗೆಲ್ಲ ಬೆರಳಾಡಿಸಿ, ಇದಕ್ಕೆ ಟ್ಯೂಬೇ ಇಲ್ಲ, ಕರುಳಿಲ್ಲದ ಪ್ರಾಣಿ ಇದು ಎಂದು ಕೈಚೆಲ್ಲಿದ. ಆಗ ಬಿಳಿಯನೇ ಟೈರಿನ ಹೊಟ್ಟೆಯ ಹೊಲಿಗೆ ಬಿಚ್ಚಿ ಒಳಗಿದ್ದ ಟ್ಯೂಬು ಎಳೆದು ತೋರಿಸಿದ. ಟ್ಯೂಬನ್ನು ಒಳಗಿಟ್ಟು ಟೈರನ್ನೇ ಹೊಲಿದುಬಿಡುವ ದೇಶವೂ ಉಂಟೆಂದು ತಿಳಿದು ಊರಿಗೆ ಊರೇ ನೆರೆಯಿತು. ಊರು ನೆರೆದ ಮೇಲೆ ಮಾತಾಡಿಸಬೇಕಲ್ಲ, ಇಂಗ್ಲಿಷ್ ಬೇಕಾಯಿತು. ತಲೆಗೆ ಹರಳೆಣ್ಣೆ ಒತ್ತಿಕೊಂಡು ಕೂತಿದ್ದ ಸದಾಶಿವಯ್ಯನವರನ್ನು ಹಾಗೆಯೇ ಎಬ್ಬಿಸಿಕೊಂಡು ಬಂದರು.

ಮೇಷ್ಟ್ರು ಊರಿನ ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷದಿಂದ ಅಸಿಸ್ಟೆಂಟರು. ಹೆಡ್‌ಮಾಸ್ಟರು ಹಿಂದಿನ ತಿಂಗಳು ರಿಟೈರಾಗಿ ಕುರ್ಚಿ ಖಾಲಿ ಬಿದ್ದಿತ್ತು. ಅದರ ಮೇಲೆ ಕಣ್ಣಿಟ್ಟವರು ಇಬ್ಬರು: ಒಬ್ಬರು ಸದಾಶಿವಯ್ಯ, ಇನ್ನೊಬ್ಬ ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹಾಲಸ್ವಾಮಿ. ಹಾಲಸ್ವಾಮಿಗಿದ್ದ ವಿದ್ಯೆ ಕೂತಲ್ಲೇ ನಿದ್ದೆ ಮಾಡುವುದು. ಆದರೆ ಅವನು ಸ್ಕೂಲ್ ಕಮಿಟಿಯ ಅಧ್ಯಕ್ಷರೂ ದೊಡ್ಡ ತೆಂಗಿನ ತೋಟದ ಯಜಮಾನರೂ ಆದ ಶಂಭುಲಿಂಗಯ್ಯನವರ ಅಳಿಯ. ಆ ಶಂಭುಲಿಂಗಯ್ಯನವರೇ ಈಗ ಸೈಕಲ್ ಶಾಪಿನ ಬೆಂಚಿನ ಮೇಲೆ, ಪಕ್ಕದಲ್ಲಿ ತೂಕಡಿಸುವ ಅಳಿಯನನ್ನಿಟ್ಟುಕೊಂಡು ಕೂತಿದ್ದರು. ಇವತ್ತು ತನ್ನ ಇಂಗ್ಲಿಷ್ ಕೈಹಿಡಿದರೆ ಕುರ್ಚಿ ತನ್ನದೇ ಎಂದು ಮೇಷ್ಟ್ರಿಗೆ ಅನ್ನಿಸಿಬಿಟ್ಟಿತು.

ಮೊದಲು ಹೆಸರು ಕೇಳಿದರು. ಬಿಳಿಯ ಎದೆ ಮುಟ್ಟಿಕೊಂಡು, "ಬೆಪ್ಪೆ" ಅಂದ.

ಜನ ಗೊಳ್ಳೆಂದು ನಕ್ಕರು. ಯಾರನ್ನು ಹಾಗಂತಾನೆ ಎಂದು ಶಂಭುಲಿಂಗಯ್ಯನವರ ಹುಬ್ಬು ಗಂಟಾಯಿತು. ಮೇಷ್ಟ್ರು ಗಾಬರಿಯಾಗಿ, "ಅದು ಅವರ ಹೆಸರು ಸ್ವಾಮಿ. ಅವರ ಕಡೆ ಬೆಪ್ಪೆ ಅಂದ್ರೆ ಗಂಡುಗಲಿ ಅಂತ" ಅಂದುಬಿಟ್ಟರು. ಮೊದಲನೇ ಸುಳ್ಳು ಹೀಗೆ ಹುಟ್ಟಿತು. ಸುಳ್ಳು ಒಂಟಿಯಾಗಿ ಬಾಳುವ ಪ್ರಾಣಿಯಲ್ಲ.

ಬೆಪ್ಪೆಯ ಇಂಗ್ಲಿಷಿನಲ್ಲಿ ಕ್ರಿಯಾಪದಗಳೇ ಇರಲಿಲ್ಲ. ಮೇಷ್ಟ್ರಿಗೂ ಕ್ರಿಯಾಪದ ಕಂಡರೆ ಅಷ್ಟಕ್ಕಷ್ಟೆ. ಹಾಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದಿತು. ಅವನು ಕಡ್ಡಿಯಿಂದ ಮಣ್ಣಲ್ಲಿ ಗೀಚಿ, ಕೈಸನ್ನೆ ಮಾಡಿ ತನ್ನ ಬಾಳಿನ ಕತೆ ಹೇಳಿದ. ಇಟಲಿಯಲ್ಲಿ ಸೈಕಲ್ ಪಂದ್ಯವೆಂದರೆ ದಿನಗಟ್ಟಲೆ ಬೆಟ್ಟ ಹತ್ತಿ ಇಳಿಯುವುದು. ಒಂದೊಂದು ತಂಡಕ್ಕೂ ಒಬ್ಬ ಕ್ಯಾಪ್ಟನ್ನು. ಮಿಕ್ಕವರೆಲ್ಲ ಅವನ ಆಳುಗಳು. ಬೆಪ್ಪೆ ಸಂಬಳಕ್ಕಿದ್ದ ಆಳು. ಹಿಂದೆ ಬರುವ ತಂಡದ ಕಾರಿನಿಂದ ನೀರಿನ ಬಾಟಲಿ ತಂದು ಕ್ಯಾಪ್ಟನ್ನಿಗೆ ಕೊಡುವುದು, ಅವನ ಚಕ್ರ ಪಂಕ್ಚರಾದರೆ ತನ್ನ ಚಕ್ರ ಬಿಚ್ಚಿ ಕೊಡುವುದು, ಎದುರುಗಾಳಿ ಬೀಸಿದರೆ ಮುಂದೆ ಹೋಗಿ ಅವನಿಗೆ ಮರೆಯಾಗುವುದು. ಹನ್ನೆರಡು ವರ್ಷ ಇದೇ ಕೆಲಸ. ಹೋದ ವರ್ಷ ರಿಟೈರಾದ. ತಾನು ಗೆದ್ದದ್ದು? ಬೆಪ್ಪೆ ಬೆರಳು ಸುತ್ತಿ ಸೊನ್ನೆ ತೋರಿಸಿ ಹಲ್ಲುಬಿಟ್ಟ.

ಮೇಷ್ಟ್ರಿಗೆ ಎಲ್ಲ ಅರ್ಥವಾಯಿತು, ಬೇಕಾದ್ದಕ್ಕಿಂತ ಚೆನ್ನಾಗಿಯೇ ಅರ್ಥವಾಯಿತು. ನೀರು ಹೊರುವವನ ಕತೆ ಹೇಳಿದರೆ ಅಧ್ಯಕ್ಷರು ಎದ್ದು ಹೋಗುತ್ತಾರೆ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಇವರು ಹನ್ನೆರಡು ವರ್ಷ ಇಟಲಿಗೇ ಚಾಂಪಿಯನ್ನು, ಆ ಸೊನ್ನೆ ಇವರಿಗೆ ಸಿಕ್ಕ ಚಿನ್ನದ ಪದಕ ಎಂದು ತರ್ಜುಮೆ ಮಾಡಿದರು.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಗುಂಪಿನಲ್ಲಿ ಹಟ್ಟಿಯ ದಾಸಣ್ಣನಿದ್ದ. ದಿನಾ ಎರಡು ಕ್ಯಾನ್ ಹಾಲು ಹೇರಿಕೊಂಡು ಕಿಬ್ಬನಹಳ್ಳಿ ಕ್ರಾಸಿನ ಹೋಟೆಲಿಗೆ ಹಾಕಿ ಬರುವವನು. ಅವನು ಮುಂದೆ ಬಂದು, "ಚಾಂಪಿಯನ್ನು ಅಂದ್ರೆ ಕ್ರಾಸ್‌ಗಂಟ ನನ್ ಜೊತೆ ಬಂದು ವಾಪಸ್ ಬರ್ಲಿ ಕಣ್ರೀ. ನೋಡೇಬುಡಾನ" ಅಂದ.

ಶಂಭುಲಿಂಗಯ್ಯನವರಿಗೆ ಹುರುಪು ಬಂತು. ಸಾಹೇಬರು ಗೆದ್ದರೆ ಮೇಷ್ಟ್ರ ಇಂಗ್ಲಿಷು ನಿಜ, ಸೋತರೆ ಇಷ್ಟು ಹೊತ್ತು ನಮ್ಮ ಕಿವಿಗೆ ಹೂವಿಟ್ಟರು ಅಂತ ತಿಳಿದುಕೊಳ್ಳುತ್ತೇನೆ ಎಂದು ಎಲ್ಲರೆದುರು ಸಾರಿ, ಜೀಪು ತರಿಸಿದರು. ಮೇಷ್ಟ್ರ ನೆತ್ತಿಯ ಎಣ್ಣೆ ಹುಬ್ಬಿಗಿಳಿಯಿತು. ಆದರೂ ಅವರಿಗೆ ಧೈರ್ಯವಿತ್ತು. ಆಳಾದರೇನು, ಸಂಬಳ ತಗೊಂಡು ಸೈಕಲ್ ತುಳಿದವನು ಹಾಲಿನವನಿಗೆ ಸೋಲುತ್ತಾನೆಯೇ?

ಅಷ್ಟರಲ್ಲಿ ಸಣ್ಣತಿಮ್ಮಯ್ಯ ಗೋಣಿ ಹೊಲಿಯುವ ದಬ್ಬಣದಲ್ಲಿ ಟೈರು ಹೊಲಿದು ಮುಗಿಸಿದ್ದ. ದಾಸಣ್ಣ ಖಾಲಿ ಕ್ಯಾನುಗಳನ್ನು ಬಿಚ್ಚಲು ಒಪ್ಪಲಿಲ್ಲ. ಅವಿಲ್ಲದಿದ್ದರೆ ಸೈಕಲ್ಲು ವಾಲುತ್ತದಂತೆ. ಇಬ್ಬರೂ ಹೊರಟರು. ಹಿಂದೆ ಜೀಪು, ಜೀಪಿನಲ್ಲಿ ಮಾವ, ಅಳಿಯ, ಮೇಷ್ಟ್ರು.

ಕ್ರಾಸಿನ ತನಕ ಬೆಪ್ಪೆ ಸಾಹೇಬ ಬಾಣದ ಹಾಗೆ ಹೋದ. ಹಿಂತಿರುಗುವಾಗ ಎದುರುಗಾಳಿ ಎದ್ದಿತು. ಎಲ್ಲೋ ಹಿಂದೆ ದಾಸಣ್ಣ ಏದುಸಿರು ಬಿಡುತ್ತಿದ್ದ, ಕ್ಯಾನುಗಳು ಢಣಢಣ ಬಡಿದುಕೊಳ್ಳುತ್ತಿದ್ದವು. ಆ ಸದ್ದಿಗೆ ಬೆಪ್ಪೆ ತಿರುಗಿ ನೋಡಿದ. ಗಾಳಿಯಲ್ಲಿ ಹಿಂದೆ ಉಳಿದವನನ್ನು ಕಂಡ ಕೂಡಲೇ ಅವನ ಕಾಲು ತಾನಾಗಿ ನಿಧಾನಿಸಿತು. ಹನ್ನೆರಡು ವರ್ಷದ ಅಭ್ಯಾಸ, ಬಿಡು ಅಂದರೆ ಬಿಡುತ್ತದೆಯೇ? ದಾಸಣ್ಣನಿಗಾಗಿ ಕಾದು, ಅವನ ಮುಂದೆ ಬಂದು ಗಾಳಿಗೆ ಅಡ್ಡವಾದ. ತನ್ನ ಬಾಟಲಿ ತೆಗೆದು ನೀರು ಕುಡಿಸಿದ. ಏರು ಬಂದಾಗ ಬೆನ್ನಿಗೆ ಕೈಕೊಟ್ಟು ನೂಕಿದ.

ಏನು ಮಾಡ್ತಿದಾರೆ ಮೇಷ್ಟ್ರೇ ಎಂದು ಶಂಭುಲಿಂಗಯ್ಯ ಕೇಳಿದರು. ಆಟ ಆಡಿಸ್ತಿದಾರೆ ಸ್ವಾಮಿ, ಬೆಕ್ಕು ಇಲೀನ ಆಡಿಸಿದ ಹಾಗೆ ಎಂದು ಮೇಷ್ಟ್ರು ಜೀಪಿನ ಸರಳು ಹಿಡಿದುಕೊಂಡರು.

ಗುಡಿಯ ಹತ್ತಿರ ಬಂದಾಗ ಬೆಕ್ಕು ಪಕ್ಕಕ್ಕೆ ಸರಿದು ಇಲಿಗೆ ದಾರಿ ಬಿಟ್ಟಿತು. ದಾಸಣ್ಣ ಗೆದ್ದ. ಹಟ್ಟಿಯವರು ಅವನನ್ನು ಹೆಗಲ ಮೇಲೆ ಹೊತ್ತರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಬೆಪ್ಪೆ.

ಶಂಭುಲಿಂಗಯ್ಯ ಜೀಪಿನಿಂದಿಳಿದು ಮೇಷ್ಟ್ರ ಮುಖವನ್ನೇ ನೋಡಿದರು. ಇನ್ನು ಬಚ್ಚಿಟ್ಟು ಪ್ರಯೋಜನವಿರಲಿಲ್ಲ. ಮೇಷ್ಟ್ರು ಬೆಪ್ಪೆಯ ಹತ್ತಿರ ಹೋಗಿ, ಯಾಕಪ್ಪ ಹೀಗೆ ಮಾಡಿದೆ ಎಂದು ಕೇಳಿದರು. ಅವನು ಹೇಳಿದ್ದನ್ನು ಈ ಸಲ ಒಂದಕ್ಷರ ಬದಲಿಸದೆ ಕನ್ನಡಕ್ಕಿಳಿಸಿದರು.

"ಸ್ವಾಮಿ, ಬೆಳಗ್ಗೆ ನಾನು ಹೇಳಿದ್ದು ಸುಳ್ಳು. ಇವರು ಒಂದು ಪಂದ್ಯಾನೂ ಗೆದ್ದಿಲ್ಲ. ಇವರ ಕೆಲಸ ಗೆಲ್ಲೋದಲ್ಲ, ಗೆಲ್ಲಿಸೋದು. ಒಂದೇ ಒಂದು ಸಲ ಬೆಟ್ಟದ ಮೇಲೆ ಇವರೇ ಎಲ್ಲರಿಗಿಂತ ಮುಂದಿದ್ರಂತೆ. ಇನ್ನೇನು ಎರಡು ಮೈಲಿ. ಹಿಂದಿಂದ ಕಾರಲ್ಲಿ ತಂಡದ ಯಜಮಾನರು ಬಂದು, ಕ್ಯಾಪ್ಟನ್ನು ಹಿಂದೆ ಸುಸ್ತಾಗಿದಾನೆ, ನಿಲ್ಲು ಅಂದ್ರಂತೆ. ಇವರು ಕಾಲು ಕೆಳಗಿಟ್ಟು ಹಿಮದಲ್ಲಿ ಕಾಯ್ಕೊಂಡು ನಿಂತ್ರಂತೆ."

ಹೇಳುತ್ತ ಹೇಳುತ್ತ ಮೇಷ್ಟ್ರಿಗೆ ತಮ್ಮ ಹದಿನಾಲ್ಕು ವರ್ಷವೂ ನೆನಪಾಯಿತು. ಮುಂದಿನದು ಬೆಪ್ಪೆ ಹೇಳಿದ್ದಲ್ಲ, ಅವರ ಸ್ವಂತದ್ದು. ಹಿಂದೆ ನಿಂತು ದುಡಿದವನ ಹೆಸರು ಎಲ್ಲೂ ಬರೆಯುವುದಿಲ್ಲ, ಅಂಥವನನ್ನು ಗುರುತಿಸುವ ಕಣ್ಣು ದೊಡ್ಡವರಿಗೆ ಮಾತ್ರ ಇರುತ್ತದೆ ಎಂದರು. ಸಣ್ಣತಿಮ್ಮಯ್ಯ ಎಣ್ಣೆಬಟ್ಟೆಯಲ್ಲಿ ಕಣ್ಣೊರೆಸಿಕೊಂಡು ಮುಖ ಕಪ್ಪು ಮಾಡಿಕೊಂಡ.

ಶಂಭುಲಿಂಗಯ್ಯನವರೂ ಕನ್ನಡಕ ತೆಗೆದರು. ಬಂದು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು.

"ಮೇಷ್ಟ್ರೇ, ಕಣ್ಣು ತೆರೆಸಿದ್ರಿ. ಮುಂದೆ ಕೂರೋನು ಯಾರಾದ್ರೂ ಆಗಬಹುದು. ಹಿಂದೆ ನಿಂತು ಗೆಲ್ಲಿಸೋನು ಸಿಗೋದು ಕಷ್ಟ."

ಮೇಷ್ಟ್ರ ಎದೆ ಉಬ್ಬಿತು.

"ನಾಳೆ ಕಮಿಟೀಲಿ ನಿಮ್ಮನ್ನ ಹೆಡ್‌ಮಾಸ್ಟ್ರು ಮಾಡೋಣ ಅಂತ ಬರೆದು ಸಹಿ ಕೂಡ ಹಾಕಿಟ್ಟಿದ್ದೆ. ಎಂಥಾ ತಪ್ಪಾಗೋದು ನೋಡಿ. ನಿಮ್ಮಂಥೋರನ್ನ ಕುರ್ಚೀಲಿ ಕೂರಿಸಿ ಹಾಳುಮಾಡಬಾರದು. ಕುರ್ಚಿ ಹಾಲಸ್ವಾಮಿಗಿರಲಿ, ಗಾಳಿಗೆ ಮರೆಯಾಗಿ ನೀವಿರಿ."

ಜನ ಚಪ್ಪಾಳೆ ತಟ್ಟಿದರು. ಸದ್ದಿಗೆ ಜೀಪಿನಲ್ಲಿ ಎಚ್ಚರಗೊಂಡ ಹಾಲಸ್ವಾಮಿ, ಬಾಯಾರಿಕೆ ಮಾವ ಅಂದ. ಕೊಬ್ಬರಿಯಾಗಬೇಕಾದ ಕಾಯನ್ನು ಎಳನೀರಿಗೆ ಕೆಡಹುವುದು ಆ ಸೀಮೆಯಲ್ಲಿ ಅಳಿಯನಿಗೆ ಮಾತ್ರ ಸಲ್ಲುವ ಮರ್ಯಾದೆ. ಶಂಭುಲಿಂಗಯ್ಯ ಒಂದು ಕಾಯಿ ಕೆಡವಿಸಿ, ಕೆತ್ತಿಸಿ, ಅಳಿಯನಿಗೆ ತಲುಪಿಸಿಬಿಡಿ ಎಂದು ಮೇಷ್ಟ್ರ ಕೈಗೆ ಕೊಟ್ಟರು.

ಮೇಷ್ಟ್ರು ಎಳನೀರು ಹಿಡಿದು ಜೀಪಿನ ಕಡೆಗೆ ನಡೆದರು. ಅಷ್ಟು ಹೊತ್ತೂ ಒಂದು ಮಾತೂ ಅರ್ಥವಾಗದೆ ನಿಂತಿದ್ದ ಬೆಪ್ಪೆಗೆ ಅದು ಮಾತ್ರ ಚೆನ್ನಾಗಿ ಅರ್ಥವಾಯಿತು. ಓಡಿಬಂದು ಮೇಷ್ಟ್ರ ಬೆನ್ನಿಗೊಂದು ಗುದ್ದಿ, ಹೇಗೆ ಓಡಿದರೆ ನೀರು ತುಳುಕುವುದಿಲ್ಲ ಎಂದು ತೋರಿಸಿಕೊಡತೊಡಗಿದ.