ಒಂದು ಹನಿಯೂ ಒಳಗೆ ಹೋಗದ ಚೀಲ

"ಒಂದೇ ಒಂದು ಹನಿ ನೀರು ಈ ಚೀಲದೊಳಗೆ ಹೋಗಲಿ, ಮೀಸೆ ಬೋಳಿಸ್ತೀನಿ!"

ಬಚ್ಚಲುಮನೆಯ ಬಾಗಿಲಲ್ಲಿ ನಿಂತು, ಮೊಣಕೈಯಿಂದ ನೀರು ತೊಟ್ಟಿಕ್ಕಿಸುತ್ತ, ಪರೀಕ್ಷಕ ಹೀಗೆ ಘೋಷಿಸಿದ.

"ಇಲ್ಲದ ಮೀಸೇನ ಹೇಗ್ರೀ ಬೋಳಿಸ್ತೀರಿ?" ಬಟ್ಟೆ ಮಡಚುತ್ತಿದ್ದ ಹೆಂಡತಿ ತಲೆ ಎತ್ತದೆ ಕೇಳಿದಳು.

"ಬೆಳೆಸಿ ಬೋಳಿಸ್ತೀನಿ!"

ನೀರಿನ ಟ್ಯಾಂಕು ತಯಾರಿಸುವ ಕಾರ್ಖಾನೆಯಲ್ಲಿ ಅವನು ಸೋರಿಕೆ ಪರೀಕ್ಷಕ. ಅವನು ಬೆರಳಿಟ್ಟ ಕಡೆ ತೂತಿಲ್ಲದಿದ್ದರೆ ಟ್ಯಾಂಕಿಗೇ ನಾಚಿಕೆಯಾಗಿ ತೂತು ಬೀಳುತ್ತದೆ ಎಂದು ಅಲ್ಲಿಯವರು ಆಡಿಕೊಳ್ಳುತ್ತಿದ್ದರು. ಅವನ ಮೇಜಿನ ಹಿಂದಿನ ಗೋಡೆಯ ಮೇಲೆ ಅವನೇ ಬರೆಸಿದ ಫಲಕವಿತ್ತು: 'ಪರೀಕ್ಷೆಯಾದ ಮೇಲೆ ಏನನ್ನೂ ಬದಲಿಸಬೇಡಿ.' ಮನೆಯವರಿಗೂ ಅದು ಬಾಯಿಪಾಠ. ಉಪ್ಪು ನೋಡಿದ ಸಾರಿಗೆ ಹೆಂಡತಿ ಇನ್ನೊಂದು ಚಿಟಿಕೆ ಹಾಕಿದರೂ ಫಲಕ ಹೊರಬೀಳುತ್ತಿತ್ತು!

ಈ ಸಲ ಪರೀಕ್ಷೆಗೆ ಗುರಿಯಾದದ್ದು ರಬ್ಬರು ಚೀಲ. ಅದರೊಳಗೆ ಕೂತು ಹೊಳೆಗೆ ಹೊರಡಬೇಕಾದದ್ದು ಮಾವನ ಕ್ಯಾಮೆರಾ.

ಮಾವ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ರೀಲು ಹಾಕುವ ಆ ಹಳೆಯ ಕ್ಯಾಮೆರಾ ಹಿಡಿದು ಅವರು ಪ್ರತಿವರ್ಷ ಮಗಳನ್ನೂ ಮಗನನ್ನೂ ದೋಣಿ ಹತ್ತಿಸುತ್ತಿದ್ದರು. ಹೊಳೆಯ ನಡುವಿನ ಕರಿಬಂಡೆಯ ಮೇಲೆ ಇಬ್ಬರನ್ನೂ ಕೂರಿಸಿ ಒಂದು ಫೋಟೋ. ಹಾಲುಹಲ್ಲಿನಿಂದ ಮೊದಲ ನರೆಗೂದಲಿನವರೆಗೆ ಅಕ್ಕತಮ್ಮಂದಿರು ಅದೇ ಬಂಡೆಯ ಮೇಲೆ ಬೆಳೆದದ್ದು ಆಲ್ಬಮ್ಮಿನಲ್ಲಿತ್ತು. ಇಲ್ಲದಿದ್ದದ್ದು ಮಾವ ಒಬ್ಬರೇ! ಕ್ಯಾಮೆರಾವನ್ನು ಇನ್ನೊಬ್ಬರ ಕೈಗೆ ಕೊಡದ ಮನುಷ್ಯ, ಒಂದು ಫೋಟೋದಲ್ಲೂ ತಾನಿಲ್ಲದೆ ಹೊರಟುಹೋಗಿದ್ದರು. ಅಳಿಯನ ಕಡೆಗಂತೂ ಅವರು ಕ್ಯಾಮೆರಾ ತಿರುಗಿಸಿದ್ದೇ ಇಲ್ಲ. ಅದು ಅವನ ಮನಸ್ಸಿನ ಮೂಲೆಯಲ್ಲಿ ಸಣ್ಣಗೆ ಸೋರುತ್ತಿದ್ದ ಜಾಗ. ಅದಕ್ಕೆ ಯಾವ ಪರೀಕ್ಷೆಯೂ ಇರಲಿಲ್ಲ.

ಅವರು ಹಾಕಿದ್ದ ಕೊನೆಯ ರೀಲು ಕ್ಯಾಮೆರಾದಲ್ಲೇ ಇತ್ತು. ಇನ್ನೊಂದೇ ಫೋಟೋಗೆ ಜಾಗ ಉಳಿದಿತ್ತು.

"ಆ ಒಂದು, ಬಂಡೆ ಮೇಲಿನದೇ ಆಗಲಿ. ಆಮೇಲೆ ರೀಲು ತೊಳೆಸೋಣ," ಎಂದಿದ್ದಳು ಹೆಂಡತಿ. ವರ್ಷವಿಡೀ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ನಗುವುದನ್ನಂತೂ ಮರೆತೇಬಿಟ್ಟಿದ್ದಳು.

ಆದ್ದರಿಂದಲೇ ಪರೀಕ್ಷಕ ಟೊಂಕ ಕಟ್ಟಿ ನಿಂತ. ಕ್ಯಾಮೆರಾದಷ್ಟೇ ತೂಕದ ಕಲ್ಲನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಚೀಲದಲ್ಲಿಟ್ಟು, ಬಾಯಿ ಸುರುಳಿ ಸುತ್ತಿ ಬಿಗಿದು ಬಕೆಟ್ಟಿನಲ್ಲಿ ಮುಳುಗಿಸಿದ. ತಿರುಗಿಸಿದ, ಕುಲುಕಿದ, ರಾತ್ರಿಯಿಡೀ ನೆನೆಹಾಕಿದ. ಆ ವಾರ ಮನೆಯ ಸ್ನಾನವೆಲ್ಲ ಚೊಂಬಿನಲ್ಲೇ! ಪತ್ರಿಕೆ ಮಾತ್ರ ಪ್ರತಿಸಲವೂ ಹಪ್ಪಳದಂತೆ ಗರಿಗರಿಯಾಗಿ ಹೊರಬಂತು.

ಹೊಳೆಗೆ ಹೋದ ದಿನ ಮೋಡ ಕವಿದಿತ್ತು. ನೀರು ಕೈ ಇಟ್ಟರೆ ಮರಗಟ್ಟುವಷ್ಟು ತಣ್ಣಗಿತ್ತು. ಗಾಳಿ ತುಂಬಿದ ರಬ್ಬರು ದೋಣಿಯಲ್ಲಿ ಹೆಂಡತಿ, ಅವಳ ತಮ್ಮ, ಪರೀಕ್ಷಕ ಮೂವರೂ ಕೂತಾಗ ದೋಣಿಯವನು ಚೀಲವನ್ನು ಕೈಯಲ್ಲೆತ್ತಿ ತೂಗಿ ನೋಡಿದ.

"ಭಾರ ಇದೆ ಸಾರ್. ಬಂಡೆ ಹತ್ರ ಸೆಳವು ಜೋರು. ಬಿದ್ರೆ ಸೀದಾ ತಳಕ್ಕೆ."

ಪರೀಕ್ಷಕ ಚೀಲವನ್ನು ಅವನ ಕೈಯಿಂದ ಕಿತ್ತುಕೊಂಡ. ಸೋರುತ್ತದೆಯೇ ಎಂದು ವಾರವಿಡೀ ನೋಡಿದ್ದ. ತೇಲುತ್ತದೆಯೇ ಎಂದು ನೋಡಿರಲೇ ಇಲ್ಲ!

"ಗಾಳಿ! ಒಳಗೆ ಗಾಳಿ ತುಂಬಿದ್ರೆ ಬಾತುಕೋಳಿ ಹಾಗೆ ತೇಲುತ್ತೆ!"

"ಭಾವ, ಇಲ್ಲೇ ಪಂಪಿದೆ, ತಗೊಳ್ಳಿ," ಎಂದ ತಮ್ಮ.

"ಆ ಪಂಪಾ? ಅದರ ತುಂಬ ಧೂಳಪ್ಪಾ! ಮಾವನ ಲೆನ್ಸಿಗೆ ಶುದ್ಧವಾದ ಗಾಳಿ ಬೇಕು."

ಶುದ್ಧವಾದ ಗಾಳಿ ಎಲ್ಲಿ ಸಿಗುತ್ತದೆಂದು ಅವನಿಗೆ ಕಿಂಚಿತ್ತೂ ಸಂಶಯವಿರಲಿಲ್ಲ. ಚೀಲಕ್ಕೆ ಬಾಯಿಟ್ಟು ಊದಿದ. ಕಣ್ಣುಗುಡ್ಡೆ ಹೊರಬರುವಂತೆ, ಕಿವಿ ಕೆಂಪಾಗುವಂತೆ, ಚೀಲ ಕುಂಬಳಕಾಯಿಯಾಗುವವರೆಗೂ ಊದಿದ. ಕಾರ್ಖಾನೆಯ ಫಲಕ ಬಹಳ ದೂರದಲ್ಲಿತ್ತು. ಇದ್ದಲ್ಲೇ ನಿಟ್ಟುಸಿರು ಬಿಟ್ಟಿರಬೇಕು.

ದೋಣಿಯವನ ಮಾತು ಸುಳ್ಳಾಗಲಿಲ್ಲ. ಬಂಡೆಯ ಹತ್ತಿರ ದೋಣಿ ಎತ್ತಿ ಕುಕ್ಕಿದ ಹೊಡೆತಕ್ಕೆ ಚೀಲ ಪರೀಕ್ಷಕನ ತೊಡೆಯಿಂದ ಹಾರಿ ನೀರಿಗೆ ಬಿತ್ತು!

"ಅಪ್ಪಾ!" ಎಂದು ಹೆಂಡತಿ ಕೂಗಿದ ಕೂಗು ದಡ ಮುಟ್ಟಿ ವಾಪಸು ಬಂತು.

ಚೀಲ ಮುಳುಗಲಿಲ್ಲ. ಗತ್ತಿನಿಂದ ತೇಲಿತು. ಅಷ್ಟು ದೂರ ಅಟ್ಟಿಸಿಕೊಂಡು ಹೋಗಿ ಹಿಡಿದು, ಮತ್ತೆ ಬಂಡೆಗೆ ಬರುವಷ್ಟರಲ್ಲಿ ಪರೀಕ್ಷಕನ ಭಾಷಣ ಅರ್ಧ ಮುಗಿದಿತ್ತು.

"ನೋಡಿದ್ಯೇನೇ? ಇದಕ್ಕೆ ಹೇಳೋದು ವಿಜ್ಞಾನ ಅಂತ! ಹೊಳೆಯೇ ಸೋತು ಕೈಮುಗೀತು!"

ಅಕ್ಕತಮ್ಮಂದಿರು ಬಂಡೆ ಹತ್ತಿ, ಮೊದಲಿನಿಂದ ಕೂರುತ್ತಿದ್ದ ಜಾಗದಲ್ಲೇ ಕೂತರು. ಅವನು ಚೀಲ ಬಿಚ್ಚಿದ. ಭಾಷಣ ಅರ್ಧಕ್ಕೇ ಮುಗಿಯಿತು.

ಚೀಲದ ಒಳಗೋಡೆಯಿಂದ ನೀರು ಇಳಿಯುತ್ತಿತ್ತು. ಕ್ಯಾಮೆರಾ ಜ್ವರ ಬಿಟ್ಟವರ ಹಾಗೆ ಬೆವರಿತ್ತು. ಲೆನ್ಸು, ಬಿಸಿನೀರು ಸ್ನಾನವಾದ ಮೇಲಿನ ಬಚ್ಚಲುಮನೆಯ ಕನ್ನಡಿ!

"ಸೋರಿತಾ?" ಬಂಡೆಯ ಮೇಲಿಂದ ಹೆಂಡತಿ ಕೇಳಿದಳು.

ಸೋರಿತು ಎಂದು ಚೀಲದ ಮೇಲೆ ಹಾಕಿಬಿಡಬಹುದಿತ್ತು. ಆದರೆ ಅವನು ಪರೀಕ್ಷಕ.

"ಇಲ್ಲ ಕಣೇ. ಇದು... ನನ್ನ ಉಸಿರು. ಬಾಯಿಂದ ಬರೋ ಬೆಚ್ಚನೆ ಗಾಳೀಲಿ ನೀರಿನ ಆವಿ ಇರುತ್ತೆ. ಹೊಳೆಯ ಥಂಡಿಗೆ ಅದು ಹನಿಯಾಗಿದೆ."

ಅವಳು ಹೊಳೆಯತ್ತ ಕೈ ತೋರಿಸಿದಳು.

"ಪಾಪ ಹೊಳೆ! ತನ್ನ ಪಾಡಿಗೆ ತಾನು ಹೊರಗೇ ಇತ್ತು."

ಅವನು ಅಂಗಿಯಿಂದ ಲೆನ್ಸು ಒರೆಸಿದ. ಹೊರಗಿನದು ಹೋಯಿತು, ಲೆನ್ಸಿನೊಳಗೆ ಕೂತ ಮಂಜು ಕದಲಲಿಲ್ಲ.

"ಆರೋವರೆಗೆ ಕಾಯೋಣ," ಎಂದ ತಮ್ಮ.

"ಕಾಯೋ ಹಾಗಿಲ್ಲ ಸಾರ್," ಎಂದ ದೋಣಿಯವನು. "ಮೇಲ್ಗಡೆ ಮಳೆಯಾಗಿದೆ, ನೀರಿನ ಬಣ್ಣ ನೋಡಿ. ಬೇಗ ಇಳೀರಿ."

"ತೆಗೆದುಬಿಡ್ರೀ," ಎಂದಳು ಹೆಂಡತಿ. ಅವನು ಗುಂಡಿ ಒತ್ತಿದ. ರೀಲು ಮುಗಿಯಿತು.

ಮುಂದಿನ ವಾರ ಫೋಟೋಗಳ ಲಕೋಟೆ ಬಂತು. ಬಂಡೆಯ ಫೋಟೋವನ್ನೇ ಅವಳು ಮೊದಲು ಹುಡುಕಿದಳು. ಹಾಲು ಚೆಲ್ಲಿದಂತೆ ಬಿಳುಪು, ಅದರಲ್ಲಿ ಎರಡು ಮಸಿಕಲೆ. ಯಾವುದು ಅಕ್ಕ, ಯಾವುದು ತಮ್ಮ ಎಂಬುದು ದೇವರಿಗೇ ಗೊತ್ತು. ಅವಳು ಅದನ್ನು ಮಗುಚಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡು ಪರೀಕ್ಷಕ ಕಿಟಕಿಯತ್ತ ತಿರುಗಿ ನಿಂತ.

ಮಾವ ತೆಗೆದ ಉಳಿದವು ನಿಚ್ಚಳವಾಗಿದ್ದವು. ಮೋಡ. ಅಂಗಳದ ಬೆಕ್ಕು. ಖಾಲಿ ಕುರ್ಚಿ. ಆಮೇಲೆ...

ಹಿಂದಿನಿಂದ ವಿಚಿತ್ರ ಸದ್ದು ಕೇಳಿಸಿತು. ಅಳುತ್ತಿದ್ದಾಳೆಂದು ಗಾಬರಿಯಿಂದ ತಿರುಗಿದರೆ ಅವಳು ನಗುತ್ತಿದ್ದಳು! ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಸುರಿಸುತ್ತ!

ಆ ಫೋಟೋದಲ್ಲಿ ಇದ್ದವನು ಅವನೇ. ಇದೇ ಕಿಟಕಿಯ ಮುಂದೆ, ಬೆರಳೆತ್ತಿ, ನಲ್ಲಿ ಯಾಕೆ ತೊಟ್ಟಿಕ್ಕುತ್ತದೆಂದು ಮಾವನಿಗೆ ವಿವರಿಸುತ್ತಿದ್ದ. ಬಾಯಿ ಗುಹೆಯಂತೆ ತೆರೆದಿತ್ತು, ಕಿರುನಾಲಗೆಯೂ ಕಾಣುತ್ತಿತ್ತು! ಅವನ ಬೆನ್ನ ಹಿಂದಿನ ಗಾಜಿನಲ್ಲಿ, ಕ್ಯಾಮೆರಾ ಕಣ್ಣಿಗಿಟ್ಟುಕೊಂಡು, ಅದರ ಕೆಳಗೆ ಬಾಯಿತುಂಬ ನಗುತ್ತ, ಮಾವ.

"ಅಪ್ಪ!" ಎಂದಳು ಹೆಂಡತಿ, ಫೋಟೋದೊಳಗಿನ ಆ ಗಾಜನ್ನು ಬೆರಳಿನಿಂದ ಸವರುತ್ತ.

ಸಂಜೆ ಬಂದ ತಮ್ಮ ಫೋಟೋದಲ್ಲಿನ ತೆರೆದ ಬಾಯಿಯ ಮೇಲೆ ಬೆರಳಿಟ್ಟು ಹೇಳಿದ: "ಭಾವ, ಮಂಜೆಲ್ಲಾ ಎಲ್ಲಿಂದ ಬಂತು ಅನ್ನೋದಕ್ಕೆ ಅಪ್ಪ ಮೊದಲೇ ಸಾಕ್ಷಿ ಇಟ್ಟು ಹೋಗಿದಾರೆ!"

ಅದನ್ನು ದೊಡ್ಡದು ಮಾಡಿಸಿ ನಡುಮನೆಯಲ್ಲಿ ತೂಗುಹಾಕುವುದೆಂದು ತೀರ್ಮಾನವಾಯಿತು.

"ನನ್ನ ಭಾಗ ಕತ್ತರಿಸಿ ಮಾವನನ್ನ ಮಾತ್ರ ಇಟ್ಕೊಂಡ್ರೆ..." ಎಂದು ಪರೀಕ್ಷಕ ಮೆಲ್ಲಗೆ ರಾಗ ತೆಗೆದ.

ಅಕ್ಕತಮ್ಮಂದಿರು ಒಂದೇ ಉಸಿರಿಗೆ ಒಪ್ಪಿಸಿದರು: "ಪರೀಕ್ಷೆಯಾದ ಮೇಲೆ ಏನನ್ನೂ ಬದಲಿಸಬೇಡಿ!"

ಈಗ ಪರೀಕ್ಷಕ ಮೀಸೆ ಬಿಡುತ್ತಿದ್ದಾನೆ. ಗೋಡೆಯ ಮೇಲಿನ ಮಹಾಶಯ ಯಾರೆಂದು ಬಂದವರಿಗೆ ಗುರುತು ಸಿಗದಿರಲಿ ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ಸರಿಯಾಗಿ ಬೆಳೆದ ಮೇಲೆ ಹೇಳಿ ಎಂದು ಹೆಂಡತಿ ಕ್ಷೌರದ ಕತ್ತಿಯನ್ನು ಆ ಫೋಟೋದ ಕೆಳಗೇ ತಂದಿಟ್ಟಿದ್ದಾಳೆ!