ಮಾವನವರ ಅಪ್ಪಣೆಯಾದರೆ

ಯಾರಾದರೂ ನಮ್ಮ ಮುಂದೆ ನಿಂತು ‘ಮಾಡಲೇ?’ ಎಂದು ಕೇಳಿದಾಗ ಆಗುವ ಸುಖ ತುಪ್ಪ ಹಾಕಿದ ಹೋಳಿಗೆಯಲ್ಲೂ ಇಲ್ಲ. ಕೇಳಿದ ವಿಷಯ ನಮಗೆ ತಿಳಿದಿರಬೇಕೆಂದೇನಿಲ್ಲ. ಯಾರೋ ಗೋಡೆಗೆ ಮೊಳೆ ಹೊಡೆಯುತ್ತಿದ್ದರೆ ದಾರಿಯಲ್ಲಿ ಹೋಗುವವರು ನಿಂತು ‘ಇನ್ನೂ ಸ್ವಲ್ಪ ಮೇಲಕ್ಕೆ’ ಎನ್ನುವುದು ಇದೇ ಸುಖದ ಆಸೆಗೆ. ನಾನಂತೂ ಈ ವಿಷಯದಲ್ಲಿ ಮಹಾ ಆಸೆಬುರುಕಿ. ಅಂಗಡಿಯವನು ‘ಕವರ್ ಕೊಡ್ಲಾ ಅಕ್ಕ?’ ಎಂದರೂ ಒಂದು ಗಳಿಗೆ ಯೋಚಿಸುವವಳಂತೆ ಮುಖ ಮಾಡಿ, ಆಮೇಲೆ ಹೂಂ ಅನ್ನುತ್ತೇನೆ. ನಮ್ಮ ಅತ್ತೆ ಅಡುಗೆ ಏನು ಮಾಡಬೇಕೆಂದು ದಿನಾ ನನ್ನನ್ನು ಕೇಳಿಯೇ ಒಲೆ ಹಚ್ಚುವುದು ಎಂದು ತವರಿನಲ್ಲಿ ಕೊಚ್ಚಿಕೊಂಡಿದ್ದಕ್ಕೆ ಲೆಕ್ಕವಿಲ್ಲ. ಇಂಥವಳಿಗೆ ಹೆಜ್ಜೆಹೆಜ್ಜೆಗೂ ಅನುಮತಿ ಕೇಳುವ ಯಂತ್ರವೊಂದು ಸಿಕ್ಕಾಗ ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು. ಆ ಮೂರು ಗೇಣಿನಲ್ಲಿ ನಮ್ಮ ಮಾವನವರು ಕುರ್ಚಿ ಹಾಕಿಕೊಂಡು ಕೂತುಬಿಟ್ಟರು.

ನಾನು ಕೊಳ್ಳೇಗಾಲದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕೂತು ಸುತ್ತಲಿನ ಅಂಗಡಿ, ಶಾಲೆಗಳಿಗೆ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಡುವವಳು. ಬರೆಯುವವಳು ಎಂದರೆ ಈಗ ಸುಳ್ಳಾಗುತ್ತದೆ. ನಾನು ಇಂಥದ್ದು ಬೇಕು ಎನ್ನುತ್ತೇನೆ, ಕಂಪ್ಯೂಟರಿನೊಳಗಿನ ಎಐ ಸಹಾಯಕ ಬರೆಯುತ್ತದೆ. ನಡುನಡುವೆ ‘ಇದನ್ನು ಬದಲಿಸಲೇ, ಅದನ್ನು ಅಳಿಸಲೇ’ ಎಂದು ಕೇಳುತ್ತದೆ. ನಾನು ಹೂಂ ಅನ್ನಬೇಕು. ತೊಂದರೆ ಏನೆಂದರೆ ನನ್ನ ತವರು ಯಳಂದೂರು, ಮಾವನವರ ಊರು ಸತ್ತೇಗಾಲ, ನಾದಿನಿಯನ್ನು ಕೊಟ್ಟಿರುವುದು ಶಾಗ್ಯಕ್ಕೆ. ಈ ಮೂರೂ ಊರುಗಳಲ್ಲಿ ಯಾರಾದರೊಬ್ಬರು ಸದಾ ಹುಟ್ಟುತ್ತಿರುತ್ತಾರೆ, ಮದುವೆಯಾಗುತ್ತಿರುತ್ತಾರೆ, ಇಲ್ಲವೇ ಮನೆಗೆ ತಾರಸಿ ಹಾಕಿಸುತ್ತಿರುತ್ತಾರೆ. ಹೋಗದಿದ್ದರೆ ‘ಕಂಪ್ಯೂಟ್ರು ಕಲ್ತೋಳು, ನಮ್ಮನ್‌ಗ್ಯಾಕ್ ಬಂದಾಳು’ ಎಂಬ ಮಾತು ಬರುತ್ತದೆ. ಅದಕ್ಕಾಗಿ ಒಂದು ಬ್ರಿಡ್ಜ್ ಸರ್ವರ್ ಮಾಡಿಕೊಂಡೆ. ಹೆಸರು ಕೇಳಿ ಹೆದರಬೇಡಿ. ಮುಚ್ಚಳ ಮುರಿದ ಹಳೆಯ ಲ್ಯಾಪ್‌ಟಾಪ್ ಅದು, ಅಟ್ಟದ ಮೇಲೆ ರಾಗಿ ಮೂಟೆಗೆ ಒರಗಿಕೊಂಡಿದೆ. ನಾನು ಫೋನಿನಲ್ಲಿ ಹೇಳಿದ್ದನ್ನು ಮಹಡಿಯ ಸಹಾಯಕನಿಗೂ, ಅದು ಕೇಳಿದ್ದನ್ನು ನನ್ನ ಫೋನಿಗೂ ಮುಟ್ಟಿಸುವುದಷ್ಟೇ ಅದರ ಕೆಲಸ. ಸದಾ ಬೆಚ್ಚಗಿರುತ್ತದೆಂದು ಅತ್ತೆ ಅದರ ಪಕ್ಕದಲ್ಲಿ ಹುಣಸೆಹಣ್ಣು ಆರಲು ಹಾಕಿದ್ದಾರೆ. ಎಲೆಯ ಮುಂದೆ ಕೂತು ಬಲಗೈಯಲ್ಲಿ ಪಾಯಸ ಸುರಿಯುತ್ತಾ ಎಡಗೈಯಲ್ಲಿ ಪ್ರೋಗ್ರಾಂ ಬರೆಸುವವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಆಗ ನನ್ನ ಕೈಯಲ್ಲಿದ್ದದ್ದು ಯಳಂದೂರಿನ ಒಂದು ಕಲ್ಯಾಣ ಮಂಟಪದ ಕೆಲಸ. ಯಾರಿಗೆ ಯಾವ ದಿನ ಮಂಟಪ ಕೊಟ್ಟಿದೆ ಎಂದು ತೋರಿಸುವ ಪ್ರೋಗ್ರಾಂ. ಮಾಲೀಕರು ನಮ್ಮ ತವರಿನ ಬೀದಿಯವರೇ. ಕೆಟ್ಟರೆ ಕೆಲಸ ಮಾತ್ರವಲ್ಲ, ಆ ಬೀದಿಯಲ್ಲಿ ತಲೆಯೆತ್ತಿ ನಡೆಯುವುದೂ ಕೆಡುತ್ತಿತ್ತು. ಹಾಗಿರುವಾಗ ಶಾಗ್ಯದಲ್ಲಿ ನಾದಿನಿಯ ಮನೆಯ ಗೃಹಪ್ರವೇಶ ಬಂತು. ನನ್ನ ಎರಡೂ ಕೈ ಹೋಳಿಗೆ ಕಣಕದಲ್ಲಿದ್ದಾಗ ಫೋನು ಕಿಣಿಕಿಣಿ ಎಂದಿತು. ಪಕ್ಕದಲ್ಲೇ ಸುಮ್ಮನೆ ಕೂತಿದ್ದ ಮಾವನವರಿಗೆ, ‘ಅದು ಏನೋ ಕೇಳ್ತದೆ ಮಾವ, ಹೌದು ಅಂತ ಒತ್ತಿಬಿಡಿ’ ಎಂದೆ.

ನಮ್ಮ ಮಾವನವರ ವಿಷಯ ಸ್ವಲ್ಪ ಹೇಳಬೇಕು. ಸತ್ತೇಗಾಲದಲ್ಲಿದ್ದಾಗ ಊರಿನ ನ್ಯಾಯವೆಲ್ಲ ಅವರ ಜಗಲಿಯ ಮೇಲೆಯೇ. ಬದು ಒತ್ತಿದವರು, ಬೇರೆಯವರ ಕಬ್ಬಿಗೆ ಹಸು ಬಿಟ್ಟವರು, ಹೆಂಡತಿಯನ್ನು ಕರೆತರಲು ಹೋಗಿ ಬೈಸಿಕೊಂಡು ಬಂದವರು ಎಲ್ಲರೂ ಇವರ ಮುಂದೆ ಕೈಕಟ್ಟಿ ನಿಂತವರೇ. ನಮ್ಮೊಡನೆ ಕೊಳ್ಳೇಗಾಲಕ್ಕೆ ಬಂದ ಮೇಲೆ ‘ಗೇಟು ಹಾಕಿ ಮಾವ’ ಎನ್ನುವುದನ್ನು ಬಿಟ್ಟರೆ ಅವರ ಹತ್ತಿರ ಯಾರೂ ಏನೂ ಹೇಳುತ್ತಿರಲಿಲ್ಲ, ಕೇಳುವುದಂತೂ ದೂರ ಉಳಿಯಿತು. ಅಂಥವರು ಕನ್ನಡಕ ಏರಿಸಿಕೊಂಡು ಫೋನನ್ನು ಗಟ್ಟಿಯಾಗಿ ಓದಿದರು: ‘ಈ ಕಡತದ ಹೆಸರು ಬದಲಿಸಲು ತಮ್ಮ ಅನುಮತಿ ಇದೆಯೇ?’ ಓದಿದವರೇ ನೆಟ್ಟಗೆ ಕೂತು ಹೆಗಲ ಟವೆಲು ಸರಿಮಾಡಿಕೊಂಡರು. ‘ತಮ್ಮ ಅಂತದೆ ಕಣವ್ವ!’ ಎಂದರು. ‘ಒತ್ತಿ ಮಾವ’ ಎಂದೆ. ‘ತಾಳವ್ವ, ಕಾರ್ಣ ಕೇಳ್ದೆ ಒತ್ತಕಾಯ್ತದಾ?’ ಎಂದವರು ಫೋನನ್ನು ಬಾಯಿಯ ಹತ್ತಿರ ಹಿಡಿದು, ‘ಯಾಕ್ಲಾ, ಈಗಿರ ಎಸ್ರು ಏನಾಗದೆ?’ ಎಂದು ವಿಚಾರಣೆ ಶುರು ಮಾಡಿದರು.

ನನಗೂ ಅನುಕೂಲವೇ ಆಯಿತು ಎಂದುಕೊಂಡು, ಸಣ್ಣಪುಟ್ಟ ಅನುಮತಿಗಳು ಅವರ ಫೋನಿಗೇ ಹೋಗುವಂತೆ ಬ್ರಿಡ್ಜಿನಲ್ಲಿ ವ್ಯವಸ್ಥೆ ಮಾಡಿದೆ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಎಂದರೆ ಇದೇ. ಮಾವನವರು ಮಾರನೆಯ ದಿನವೇ ‘ಇನ್ಮುಂದ್ಕೆ ಸಣ್ದೋ ದೊಡ್ದೋ, ಏನಿದ್ರೂವೆ ನನ್ನ ಕೇಳು’ ಎಂದು ಅದಕ್ಕೆ ಹೇಳಿಟ್ಟರು. ಅದೂ ‘ಅಪ್ಪಣೆ, ಯಜಮಾನರೇ’ ಎಂದಿತು. ಉಪಯೋಗವಿಲ್ಲದ ಹಳೆಯ ಕಡತಗಳನ್ನು ಅಳಿಸಲೇ ಎಂದು ಕೇಳಿದರೆ, ‘ಅಳೇವು ಅಂತ ಕಿತ್ತಾಕ್‌ಬುಟ್ರೆ ಎಂಗ್ಲಾ? ಮೂಲೇಲಿರ್ಲಿ ಬುಡು, ನಿನ್ನೇನು ಉಣ್ಣಕ್ಕಿಕ್ಕು ಅಂದಾವಾ?’ ಎಂದರು. ಸಹಾಯಕ ‘ಮೂಲೆ’ ಎಂದೇ ಹೆಸರಿಟ್ಟು ಒಂದು ಜಾಗ ಮಾಡಿ, ನನ್ನ ಕಸವನ್ನೆಲ್ಲ ಅಲ್ಲಿ ಗೌರವದಿಂದ ಕೂರಿಸಿತು. ರಾಹುಕಾಲದಲ್ಲಿ ಹೊಸ ಕೆಲಸ ಹಿಡಿಯುವುದು ನಿಂತಿತು. ಅಮಾವಾಸ್ಯೆಯ ದಿನ ಪೂರ್ತಿ ರಜೆ. ಇದನ್ನೆಲ್ಲ ಗಂಡನಿಗೆ ಹೇಳಿದರೆ, ‘ನೀನುಂಟು, ನಿಮ್ಮ ಮಾವ ಉಂಟು’ ಎಂದು ಹನೂರಿನ ಸ್ಕೂಲಿಗೆ ಬಸ್ಸು ಹತ್ತಿದರು. ಮೇಷ್ಟರ ಕೆಲಸದಲ್ಲಿ ಅದೊಂದು ಅನುಕೂಲ.

ಕೊನೆಗೆ ಪ್ರೋಗ್ರಾಮಿನ ಮುಖ್ಯ ಪ್ರಶ್ನೆಯೇ ಮಾವನವರ ಮುಂದೆ ಬಂತು: ‘ಒಂದೇ ದಿನಕ್ಕೆ ಇಬ್ಬರು ಮಂಟಪ ಕೇಳಿದರೆ ಏನು ಮಾಡಲಿ?’ ಜಗಲಿ ನ್ಯಾಯದಲ್ಲಿ ಪಳಗಿದ ಜೀವ ಎರಡೂ ಕಡೆಯವರನ್ನು ನಿರಾಸೆಗೊಳಿಸೀತೇ? ‘ಯಾರ್‌ಗೂ ಇಲ್ಲ ಅನ್ನಬ್ಯಾಡ ಕಣ್ಲಾ. ಇಬ್ರೂವೆ ಒಂಚೂರ್ ಒಂಚೂರ್ ಬುಟ್ಕೊಟ್ಟು ಅಂಚ್ಕಳ್ಳಲಿ’ ಎಂದು ತೀರ್ಪು ಕೊಟ್ಟರು. ಸೋಮವಾರ ಮಾಲೀಕರಿಗೆ ತೋರಿಸಬೇಕು; ಶುಕ್ರವಾರ ನಾನು ಪ್ರೋಗ್ರಾಂ ತೆರೆದು ನೋಡುತ್ತೇನೆ, ಒಂದೇ ಮುಹೂರ್ತ, ಒಂದೇ ಮಂಟಪ, ಇಬ್ಬರು ಗಂಡುಗಳು, ಇಬ್ಬರು ಹೆಣ್ಣುಗಳು. ತಾಳಿ ಕಟ್ಟುವ ಗಡಿಬಿಡಿಯಲ್ಲಿ ಯಾರ ಕೊರಳು ಯಾರದೆಂದು ಹೇಳುವವರು ಯಾರು? ಮಾವನವರನ್ನು ಹಿಡಿಯೋಣವೆಂದರೆ ಅವರು ಹಳೆಯ ಗೆಳೆಯರ ಜೊತೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದರು. ಅಲ್ಲಿಗೆ ಹೋದ ಫೋನು ಸಿಗ್ನಲ್ ಇಲ್ಲದೆ ಮೂಕವಾಗುತ್ತದೆ. ಸಹಾಯಕನಿಗೆ ನಾನೇ ಬರೆದೆ, ಇದನ್ನು ಈಗಲೇ ಸರಿಮಾಡು ಎಂದು. ‘ಯಜಮಾನರು ಬೆಟ್ಟದಿಂದ ಬಂದ ಮೇಲೆ ಕೇಳಿ ಮುಂದುವರಿಯುತ್ತೇನೆ’ ಎಂದಿತು. ‘ನಾನೇ ನಿನ್ನ ಯಜಮಾನಿ’ ಎಂದೆ. ‘ತಾವು ಸೊಸೆಯವರು ಎಂದು ತಿಳಿದಿದೆ’ ಎಂಬ ಉತ್ತರ ಬಂತು.

ಸಿಟ್ಟು ನೆತ್ತಿಗೇರಿತು. ಏಣಿ ಹಾಕಿ ಅಟ್ಟ ಹತ್ತಿ, ಹುಣಸೆಹಣ್ಣು ಸರಿಸಿ, ಬ್ರಿಡ್ಜನ್ನು ತೊಡೆಯ ಮೇಲೆ ಎಳೆದುಕೊಂಡು ಮಾವನವರ ಫೋನಿನ ದಾರಿಯನ್ನೇ ಕಿತ್ತುಹಾಕಿದೆ. ಆಮೇಲೆ ಮಹಡಿಗೆ ಹೋಗಿ, ಅವರು ಹೇಳಿಟ್ಟಿದ್ದನ್ನೆಲ್ಲ ಅಳಿಸಿ, ಯಾರನ್ನೂ ಏನೂ ಕೇಳದೆ ಕೆಲಸ ಮುಗಿಸು ಎಂದು ಸಹಾಯಕನಿಗೆ ಬರೆದೆ. ಅತ್ತೆ ಒಲೆಯ ಮೇಲಿಟ್ಟ ಹಾಲು ಉಕ್ಕುವಷ್ಟರಲ್ಲಿ ಎರಡೂ ಜೋಡಿಗಳಿಗೆ ಬೇರೆಬೇರೆ ದಿನ ಸಿಕ್ಕಿತ್ತು. ಸೋಮವಾರ ಮಾಲೀಕರು ನೋಡಿ ‘ಬೋ ಪಸಂದಾಗದೆ ಕಣವ್ವ’ ಎಂದರು. ನಾನು ತವರಿನ ಬೀದಿಯಲ್ಲಿ ಬೇಕೆಂದೇ ನಿಧಾನವಾಗಿ ನಡೆದು ಬಸ್‌ಸ್ಟ್ಯಾಂಡಿಗೆ ಬಂದೆ.

ಮನೆಗೆ ಬಂದರೆ ಮಾವನವರು ಬೆಟ್ಟದಿಂದ ಇಳಿದು ಬಂದು ವರಾಂಡದಲ್ಲಿ ಕೂತಿದ್ದರು. ಫೋನನ್ನು ಚಾರ್ಜಿಗೆ ಹಾಕುವುದು, ತೆಗೆಯುವುದು, ಪಂಚೆಯ ಅಂಚಿನಿಂದ ಅದರ ಮುಖ ಒರೆಸುವುದು. ‘ಯಾಕವ್ವ, ಬಂದಾಗ್ಲಿಂದ ಅದು ನನ್ನ ಒಂದ್ ಮಾತೂ ಕೇಳ್ನಿಲ್ವಲ್ಲ? ಏಳ್ದೆ ಬೆಟ್ಟಕ್ಕೋದೆ ಅಂತ ಮುನಿಸ್ಕಂಡದಾ?’ ಎಂದರು. ನನಗೆ ನಿಜಕ್ಕೂ ಅಳು ಬರುವಂತಾಯಿತು. ಮತ್ತೆ ಅಟ್ಟ ಹತ್ತಿ, ಏನು ಹೇಳಿದರೂ ಯಾರಿಗೂ ತೊಂದರೆಯಾಗದಂಥ ಪ್ರಶ್ನೆಗಳನ್ನು ದಿನವೂ ಅವರಿಗೆ ಕೇಳುವಂತೆ ಮಾಡಿದೆ. ಪರದೆಯ ಮೇಲಿನ ಗುಂಡಿಯ ಬಣ್ಣ ಹಸಿರಿರಲೇ, ನೀಲಿಯಿರಲೇ? ಅಂಚು ದಪ್ಪವೇ, ತೆಳುವೇ? ಮಾವನವರು ಮತ್ತೆ ಟವೆಲು ಸರಿಮಾಡಿಕೊಂಡು, ಹಸಿರಿನವರ ಮಾತನ್ನೂ ನೀಲಿಯವರ ಮಾತನ್ನೂ ಕೇಳತೊಡಗಿದರು.

ನನ್ನ ಜಾಣತನವನ್ನು ಯಾರಿಗಾದರೂ ಹೇಳದಿದ್ದರೆ ಅನ್ನ ಅರಗೀತೇ? ಅವರೆಕಾಯಿ ಸುಲಿಯುತ್ತಿದ್ದ ಅತ್ತೆಗೆ ಗುಟ್ಟಾಗಿ ಹೇಳಿದೆ. ಅವರು ತಲೆ ಕೂಡ ಎತ್ತಲಿಲ್ಲ. ‘ಅದ್ಕ್ಯಾಕವ್ವ ಅಷ್ಟೊಂದ್ ಮಿಸಿನ್ನು? ನಾನು ಮದ್ವೆ ಆದಾಗ್ಲಿಂದ ಅದ್ನೇ ಮಾಡ್ಕಂಡ್ ಬಂದಿವ್ನಿ. ಕೇಳ್‌ಬುಡದು, ಆಮೇಲೆ ನಮ್ಗ್ ಬೇಕಾದ್ದ ಮಾಡದು. ಕೇಳುದ್ರೆ ನಮ್ಮ ಗಂಟೇನ್ ಓದದು?’ ಎಂದರು. ಇಬ್ಬರೂ ವರಾಂಡದ ಕಡೆ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಮಾರನೆಯ ಬೆಳಿಗ್ಗೆ ಅತ್ತೆ ಎಂದಿನಂತೆ ಮಹಡಿ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರು: ‘ಏನವ್ವ, ಇವತ್ತು ಬಸ್ಸಾರ್ ಮಾಡ್ಲಾ, ಉಪ್ಸಾರ್ ಮಾಡ್ಲಾ?’ ಉಪ್ಸಾರಿಗೆ ಅರೆಯುವ ಖಾರದ ಘಾಟು ಆಗಲೇ ಮಹಡಿಯವರೆಗೂ ಬಂದಿತ್ತು. ನಾನು ಸೆರಗು ಸರಿಮಾಡಿಕೊಂಡು ಒಂದು ಗಳಿಗೆ ಯೋಚಿಸಿ, ‘ಬಸ್ಸಾರೇ ಇರಲಿ ಅತ್ತೆ’ ಎಂದು ಅಪ್ಪಣೆ ಕೊಟ್ಟೆ. ‘ಆಗ್ಲಿ ಕಣವ್ವ’ ಎಂದರು. ಮಧ್ಯಾಹ್ನ ಮುದ್ದೆಯ ಪಕ್ಕಕ್ಕೆ ಉಪ್ಸಾರು ಬಿತ್ತು. ಮಾವನವರೂ ನಾನೂ ಎದುರುಬದುರು ಕೂತು ತಲೆತಗ್ಗಿಸಿ ಉಂಡೆವು. ‘ಇನ್ನೊಂದ್ ಸೌಟ್ ಆಕ್ಲಾ?’ ಎಂದು ಅತ್ತೆ ಕೇಳಿದರು. ನಾವಿಬ್ಬರೂ ಗಂಭೀರವಾಗಿ ಹೂಂ ಎನ್ನುವಷ್ಟರಲ್ಲಿ ಸೌಟು ಬಗ್ಗಿಯಾಗಿತ್ತು.